ಜಿಂಕೆ ಬೇಟೆಗೆ ಲ್ಯಾಡರ್ ಸ್ಟ್ಯಾಂಡ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಮಿಷಿಗನ್, ವಿಸ್ಕಾನ್ಸಿನ್, ಒಹಾಯೊ, ಪೆನ್ಸಿಲ್ವೇನಿಯ ಕಡೆ ನವೆಂಬರ್ ಬಂತೆಂದರೆ ಆಫೀಸಿನಲ್ಲಿ ಎಷ್ಟೋ ಕುರ್ಚಿ ಖಾಲಿ. ಎಲ್ಲರೂ ಬಿಳಿಬಾಲದ ಜಿಂಕೆಯ ಹಿಂದೆ. ಅಲ್ಲಿರುವ ಕನ್ನಡಿಗರಲ್ಲೂ ಸಹೋದ್ಯೋಗಿಯ ಜೊತೆ ಒಂದು ಸಲ ಕಾಡಿಗೆ ಹೋಗಿ ಬಂದು, ಬರುವ ವರ್ಷ ಮರದ ಮೇಲೆ ಕೂತು ಕಾಯಲು ನಮ್ಮದೇ ಒಂದು ಸ್ಟ್ಯಾಂಡ್ ಇರಲಿ ಅನ್ನುವವರಿದ್ದಾರೆ. ಈ ಪುಟ ಅವರಿಗಾಗಿ. ಮೊದಲು ಕೇಳುವುದು ಎತ್ತರ, ಆಮೇಲೆ ಬೆಲೆ. ನನ್ನ ಉತ್ತರ ಮಾತ್ರ ಸುತ್ತಿ ಬಳಸಿ ಮರಕ್ಕೆ, ಕಟ್ಟುವ ಪಟ್ಟಿಗೆ, ಬಿದ್ದರೆ ತಡೆಯಲು ಮೈಗೆ ತೊಡುವ ಹಾರ್ನೆಸ್‌ಗೆ ಬಂದು ನಿಲ್ಲುತ್ತದೆ. ಬೇಜಾರು ಮಾಡಿಕೊಳ್ಳಬೇಡಿ.

ಅಂಗಡಿಯಲ್ಲಿ ನಾಲ್ಕೈದು ಥರದ ಸ್ಟ್ಯಾಂಡ್ ಇವೆ. ಲ್ಯಾಡರ್ ಸ್ಟ್ಯಾಂಡ್ ಯಾರಿಗೆ?

ಮರಕ್ಕೆ ಒರಗಿಸಿ ಕಟ್ಟುವ ಏಣಿ, ಅದರ ತುದಿಯಲ್ಲೇ ಕಾಲಿಡಲು ಕಬ್ಬಿಣದ ಜಾಲರಿ ಹಲಗೆ, ಕೂರಲು ಸೀಟು. ಲ್ಯಾಡರ್ ಸ್ಟ್ಯಾಂಡ್ ಅಂದರೆ ಇಷ್ಟೇ. ಹ್ಯಾಂಗ್-ಆನ್‌ನಲ್ಲಿ ಹಲಗೆ, ಸೀಟು ಮಾತ್ರ ಇರುತ್ತದೆ, ಹತ್ತಲು ಮೆಟ್ಟಿಲುಗಳನ್ನು ಬೇರೆ ಕಟ್ಟಿಕೊಳ್ಳಬೇಕು. ಕ್ಲೈಂಬರ್‌ಗೆ ಎರಡು ತುಂಡು. ಕಂಬಳಿಹುಳದ ಹಾಗೆ ಮೇಲಿನದನ್ನು ಎತ್ತಿ ಕೆಳಗಿನದನ್ನು ಎಳೆದುಕೊಳ್ಳುತ್ತಾ ಮರ ಏರಬೇಕು, ಅದಕ್ಕೆ ಕೊಂಬೆಯೇ ಇಲ್ಲದ ನೆಟ್ಟನೆಯ ಕಾಂಡ ಸಿಗಬೇಕು. ಸ್ಯಾಡಲ್‌ನಲ್ಲಿ ಸೀಟೇ ಇಲ್ಲ, ಸೊಂಟದ ಪಟ್ಟಿಯ ಮೇಲೆ ಭಾರ ಬಿಟ್ಟು ಹಗ್ಗಕ್ಕೆ ಒರಗಿ ನಿಲ್ಲುವುದು.

ಒಂದೇ ಜಾಗದಲ್ಲಿ ಇಡೀ ಸೀಸನ್ ಕೂರುವವರಿಗೆ, ಹೊಸಬರಿಗೆ, ಮಗನನ್ನೋ ಮಗಳನ್ನೋ ಕರೆದುಕೊಂಡು ಹೋಗುವವರಿಗೆ, ಮಂಡಿ ಸ್ವಲ್ಪ ಕೈಕೊಟ್ಟವರಿಗೆ ಲ್ಯಾಡರ್ ಸ್ಟ್ಯಾಂಡ್ ಹೇಳಿ ಮಾಡಿಸಿದ್ದು. ದಿನಕ್ಕೊಂದು ಮರ ಹುಡುಕುವವರು ಇದರ ಗೊಡವೆಗೆ ಹೋಗಬಾರದು. ಇದು ಹೊತ್ತು ತಿರುಗುವ ಸಾಮಾನಲ್ಲ.

ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಕೋವಿ ಹಿಡಿಯಬಹುದಾ?

ಸ್ಟ್ಯಾಂಡ್ ಕೊಳ್ಳುವುದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ಇದು. ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ನಾನ್-ಇಮಿಗ್ರಂಟ್ ವೀಸಾದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವ ಹಾಗಿಲ್ಲ. ಎಚ್-1ಬಿ, ಎಫ್-1, ಎಲ್-1 ಎಲ್ಲ ಇದರೊಳಗೇ ಬರುತ್ತವೆ. ಆದರೆ ಇದಕ್ಕೊಂದು ವಿನಾಯಿತಿ ಇದೆ: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ನಿಮ್ಮಲ್ಲಿದ್ದರೆ ಈ ನಿಷೇಧ ನಿಮಗೆ ಅನ್ವಯಿಸುವುದಿಲ್ಲ. ಹೆಚ್ಚಿನವರು ಗಮನಿಸದ ಭಾಗ ಇದರಾಚೆಗಿದೆ. ಲೈಸೆನ್ಸ್ ಅವಧಿ ಮುಗಿದ ದಿನವೇ ವಿನಾಯಿತಿಯೂ ಮುಗಿಯುತ್ತದೆ, ಕಪಾಟಿನಲ್ಲಿ ಸುಮ್ಮನೆ ಬಿದ್ದಿರುವ ರೈಫಲ್ ಕೂಡ ಅಪರಾಧವಾಗುತ್ತದೆ. ಗ್ರೀನ್ ಕಾರ್ಡ್ ಬಂದವರಿಗೆ ಈ ತೊಡಕಿಲ್ಲ. ಬಿಲ್ಲು, ಕ್ರಾಸ್‌ಬೋ ಫೆಡರಲ್ ಕಾನೂನಿನ ಲೆಕ್ಕದಲ್ಲಿ ಬಂದೂಕಲ್ಲ, ಹಾಗಾಗಿ ವೀಸಾದಲ್ಲಿರುವವರು ಬಿಲ್ಲಿನಿಂದ ಶುರು ಮಾಡುವುದೇ ನೆಮ್ಮದಿ ಎಂದು ನನ್ನ ಅನಿಸಿಕೆ. ರಾಜ್ಯದ ಕಾನೂನು ಬೇರೆ ಇರುತ್ತದೆ. ಕೋವಿ ಕೊಳ್ಳುವ ಯೋಚನೆಯಿದ್ದರೆ ಇಮಿಗ್ರೇಶನ್ ವಕೀಲರನ್ನು ಒಂದು ಮಾತು ಕೇಳಿ.

ಕೊಡಗಿನವರಿಗೆ ಒಂದು ಮಾತು: ಊರಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿಗೆ ಇಲ್ಲಿ ಕಾಸಿನ ಬೆಲೆಯಿಲ್ಲ.

ಲೈಸೆನ್ಸ್ ತಗೊಂಡರೆ ಮುಗೀತಾ?

ಇಲ್ಲ. ಹಂಟರ್ ಸೇಫ್ಟಿ ಕೋರ್ಸ್ ಮುಗಿಸಿದ ಪ್ರಮಾಣಪತ್ರ ಬೇಕು. ಮಿಷಿಗನ್‌ನಲ್ಲಿ 1960ರ ಜನವರಿ 1ರಂದು ಅಥವಾ ಅದರ ನಂತರ ಹುಟ್ಟಿದವರಿಗೆ, ವಿಸ್ಕಾನ್ಸಿನ್‌ನಲ್ಲಿ 1973ರ ಜನವರಿ 1ರಂದು ಅಥವಾ ನಂತರ ಹುಟ್ಟಿದವರಿಗೆ ಇದು ಕಡ್ಡಾಯ. ಕೋರ್ಸಿನಲ್ಲಿ ಮರದ ಸ್ಟ್ಯಾಂಡಿನ ಸುರಕ್ಷತೆಗೇ ಒಂದು ಪಾಠವಿದೆ, ಅದನ್ನು ಹಾರಿಸಬೇಡಿ. ಕೋವಿ ಸೀಸನ್ನಿನಲ್ಲಿ ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣದ ಉಡುಪು ಬೇಕು. ವಿಸ್ಕಾನ್ಸಿನ್‌ನಲ್ಲಿ 2016ರಿಂದ ಹೊಳೆಯುವ ಗುಲಾಬಿಯೂ ನಡೆಯುತ್ತದೆ. ಜಿಂಕೆಗೆ ಈ ಕಿತ್ತಳೆ ನಮಗೆ ಕಂಡಷ್ಟು ಢಾಳಾಗಿ ಕಾಣುವುದಿಲ್ಲ, ಆದ್ದರಿಂದ ‘ಇದನ್ನು ಹಾಕಿಕೊಂಡು ಕೂತರೆ ಬೇಟೆ ಕೆಡುತ್ತೆ’ ಅನ್ನುವ ಹೆದರಿಕೆ ಬೇಡ.

15 ಅಡಿ ಸಾಕಾ, 20 ಬೇಕಾ, 25 ತಗೊಂಡರೆ ಇನ್ನೂ ಒಳ್ಳೆಯದಾ?

ಅತಿ ಹೆಚ್ಚು ಬರುವ ಪ್ರಶ್ನೆ. ಹೊಸಬರೆಲ್ಲ ಎತ್ತರ ಹೆಚ್ಚಿದಷ್ಟೂ ಒಳ್ಳೆಯದು ಅಂದುಕೊಂಡಿರುತ್ತಾರೆ. ಎತ್ತರದಿಂದ ಲಾಭ ಇರುವುದು ನಿಜ: ಜಿಂಕೆಯ ಕಣ್ಣಿನ ಮಟ್ಟ ತಪ್ಪುತ್ತದೆ, ವಾಸನೆಯೂ ಸ್ವಲ್ಪ ಮೇಲಿನಿಂದ ಹಾದು ಹೋಗುತ್ತದೆ. ಆದರೆ ಅದಕ್ಕೆ ತೆರುವ ಬೆಲೆಯೂ ಇದೆ.

ಒಂದು, ಕೋನ. 20 ಅಡಿ ಮೇಲಿನಿಂದ 10 ಗಜ ದೂರದ ನೆಲಕ್ಕೆ ಗುರಿಯಿಟ್ಟರೆ ಇಳಿಜಾರು ಸುಮಾರು 34 ಡಿಗ್ರಿ. 15 ಅಡಿಯಿಂದಾದರೆ 27. ಕೋನ ಕಡಿದಾದಷ್ಟೂ ಬಾಣ ಎರಡೂ ಶ್ವಾಸಕೋಶ ದಾಟುವುದು ಕಷ್ಟ, ಒಂದಕ್ಕಷ್ಟೇ ತಾಗಿದ ಜಿಂಕೆ ಗಾಯಗೊಂಡು ಬಹಳ ದೂರ ಓಡುತ್ತದೆ. ಅದನ್ನು ಹುಡುಕುತ್ತಾ ಕತ್ತಲಲ್ಲಿ ಅಲೆಯುವುದು ನಿಮಗೂ ಬೇಡ, ಆ ಪ್ರಾಣಿಗೂ ಬೇಡ. ಬಿಲ್ಲಿನವರು ಇದನ್ನು ಎರಡು ಸಲ ಓದಿ.

ಇನ್ನೊಂದು, ಏಣಿ ಉದ್ದವಾದಷ್ಟೂ ಮಧ್ಯದಲ್ಲಿ ಬಾಗುತ್ತದೆ, ತೂಕ ಏರುತ್ತದೆ, ನಿಲ್ಲಿಸಲು ಕೈ ಹೆಚ್ಚು ಬೇಕಾಗುತ್ತದೆ. ಮೊದಲ ಸ್ಟ್ಯಾಂಡಿಗೆ 15–17 ಅಡಿ ಮೀರಬೇಡಿ. ಅಲ್ಲಾಡದ 15 ಅಡಿಯ ಮೇಲೆ ನೀವು ಕದಲದೆ ಕೂರುತ್ತೀರಿ, ಓಲಾಡುವ 25 ಅಡಿಯ ಮೇಲೆ ಕಂಬಿ ಹಿಡಿದುಕೊಂಡೇ ಕೂರುತ್ತೀರಿ. ಜಿಂಕೆ ಹೆದರುವುದು ಅಲುಗಾಟಕ್ಕೆ.

ಪೆಟ್ಟಿಗೆ ಮೇಲೆ 20 ಅಡಿ ಅಂತ ಬರೆದಿತ್ತು. ಅಳೆದು ನೋಡಿದರೆ ಕಾಲಿಡುವ ಹಲಗೆ ಅಷ್ಟು ಮೇಲಿಲ್ಲ. ಮೋಸವಾ?

ಮೋಸ ಅನ್ನಲಾಗದು, ವ್ಯಾಪಾರದ ಜಾಣತನ. ಕೆಲವು ಕಂಪನಿಗಳು ಎತ್ತರವನ್ನು ಕಾಲಿಡುವ ಹಲಗೆಯವರೆಗೆ ಹೇಳುತ್ತವೆ, ಕೆಲವು ಸೀಟಿನವರೆಗೆ, ಇನ್ನು ಕೆಲವು ಕೋವಿ ಇಡುವ ಮುಂದಿನ ಕಂಬಿಯ ತುದಿಯವರೆಗೆ. ಕಂಬಿಯವರೆಗೆ 20 ಅಡಿ ಅಂದರೆ ಕಾಲು 17ರ ಹತ್ತಿರ. ಹೋಲಿಸುವಾಗ ಹಲಗೆಯ ಎತ್ತರವನ್ನೇ ಹೋಲಿಸಿ, ಹೊರಗೆ ಬರೆದಿಲ್ಲದಿದ್ದರೆ ಕೈಪಿಡಿಯ ಚಿತ್ರದಲ್ಲಿರುತ್ತದೆ.

ತೂಕದ ಮಿತಿ 300 ಪೌಂಡ್ ಅಂತಿದೆ. ನಾನು 80 ಕಿಲೋ. ಬೇಕಾದಷ್ಟಾಯಿತಲ್ಲ?

300 ಪೌಂಡ್ ಅಂದರೆ 136 ಕಿಲೋ, ಸಾಕು. ಆದರೆ ಲೆಕ್ಕ ಹಾಕುವಾಗ ಮೈತೂಕವೊಂದನ್ನೇ ಹಿಡಿಯಬೇಡಿ. ನವೆಂಬರ್ ಚಳಿಯ ದಪ್ಪ ಜಾಕೆಟ್, ಬೂಟು, ಬೆನ್ನ ಚೀಲ, ಫ್ಲಾಸ್ಕು, ಕೋವಿ ಎಲ್ಲ ಸೇರಿದರೆ 80 ಇದ್ದವರು 95ಕ್ಕೆ ಬಂದು ನಿಲ್ಲುತ್ತೀರಿ. ಮಿತಿಯ ಹತ್ತಿರ ಹತ್ತಿರ ಬರುವವರು ಮುಂದಿನ ಮಟ್ಟದ್ದನ್ನೇ ತಗೊಳ್ಳಿ.

ಅದಕ್ಕಿಂತ ಮುಖ್ಯ, ಆ ಅಂಕಿಯನ್ನು ಯಾರು ಪರೀಕ್ಷಿಸಿದ್ದಾರೆ ಅನ್ನುವುದು. ಅಮೆರಿಕದಲ್ಲಿ ಟ್ರೀಸ್ಟ್ಯಾಂಡ್ ಮ್ಯಾನುಫ್ಯಾಕ್ಚರರ್ಸ್ ಅಸೋಸಿಯೇಶನ್, ಅಂದರೆ ಟಿಎಂಎ, ಎಂಬ ತಯಾರಕರ ಸಂಘವಿದೆ. ಎಎಸ್‌ಟಿಎಂ (ಪರೀಕ್ಷಾ ಮಾನದಂಡ ರೂಪಿಸುವ ಸಂಸ್ಥೆ) ಮಾನದಂಡಗಳ ಪ್ರಕಾರ ಪರೀಕ್ಷೆಯಲ್ಲಿ ಪಾಸಾದ ಸ್ಟ್ಯಾಂಡಿಗೆ ಅದರ ಮುದ್ರೆ ಸಿಗುತ್ತದೆ, ಜೊತೆಗೆ ಇಡೀ ಮೈಗೆ ತೊಡುವ ಹಾರ್ನೆಸ್ಸೂ ಪೆಟ್ಟಿಗೆಯಲ್ಲೇ ಬರುತ್ತದೆ. ಮುದ್ರೆಯಿಲ್ಲದ ಅಗ್ಗದ ಮಾಲಿನಲ್ಲಿ 300 ಎಂದಿದ್ದರೂ ಅದು ಬರೀ ಬರಹ.

ಒಬ್ಬರು ಕೂರುವುದಾ, ಇಬ್ಬರದಾ?

ಇಬ್ಬರದು ಸಾಮಾನ್ಯವಾಗಿ 500 ಪೌಂಡ್ ತಡೆಯುತ್ತದೆ, ಸೀಟು ಬೆಂಚಿನ ಹಾಗೆ ಅಗಲ. ಮಗುವಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಪಕ್ಕದಲ್ಲೇ ಕೂತು ಕಿವಿಯಲ್ಲಿ ಹೇಳಬಹುದು, ಕೋವಿಯ ಬಾಯಿ ಎತ್ತ ತಿರುಗಿದೆ ಎಂದು ಕಣ್ಣಿಡಬಹುದು. ಒಬ್ಬರೇ ಕೂರುವವರಲ್ಲೂ ಕೆಲವರು ಇದನ್ನೇ ಕೊಳ್ಳುತ್ತಾರೆ, ಪಕ್ಕದಲ್ಲಿ ಚೀಲ ಇಡಬಹುದು, ಕಾಲು ಚಾಚಬಹುದು ಅಂತ. ನಾಲ್ಕು ತಾಸು ಕೂರಬೇಕಾದವರಿಗೆ ಇದು ಸಣ್ಣ ಸುಖವಲ್ಲ.

ಆದರೆ ಒಬ್ಬರ ಸ್ಟ್ಯಾಂಡ್ 50–80 ಪೌಂಡ್ ಇದ್ದರೆ ಇಬ್ಬರದು 100 ದಾಟುತ್ತದೆ. ಗದ್ದೆ ಬದುವಿನಂಥ ಕಾಲುದಾರಿಯಲ್ಲಿ ಅರ್ಧ ಮೈಲಿ ಹೊರುವುದನ್ನು ಮೊದಲೇ ಯೋಚಿಸಿ. ಇಬ್ಬರು ಕೂತರೆ ಹಾರ್ನೆಸ್ ಎರಡು, ಅದನ್ನು ಸಿಕ್ಕಿಸುವ ಹಗ್ಗವಾದ ಲೈಫ್‌ಲೈನೂ ಎರಡು. ಒಂದೇ ಹಗ್ಗಕ್ಕೆ ಇಬ್ಬರೂ ಸಿಕ್ಕಿಸಿಕೊಳ್ಳುವುದು ಬೇಡವೇ ಬೇಡ.

ಉಕ್ಕಾ, ಅಲ್ಯೂಮಿನಿಯಮ್ಮಾ?

ಒಂದೇ ಕಡೆ ನಿಲ್ಲುವ ವಸ್ತುವಿಗೆ ಉಕ್ಕು ಸಾಕು. ಅಲ್ಯೂಮಿನಿಯಂ ಹಗುರ, ತುಕ್ಕಿಲ್ಲ, ಬೆಲೆ ಬಲು ದುಬಾರಿ. ಉಕ್ಕಿನದರಲ್ಲಿ ನೋಡಬೇಕಾದ್ದು ಬೆಸುಗೆ ಮತ್ತು ಪೇಂಟು. ಬೆಸುಗೆ ಕೊಳವೆಯ ಸುತ್ತ ಪೂರ್ತಿ ಹರಿದಿರಬೇಕು, ಅಲ್ಲಲ್ಲಿ ಚುಕ್ಕೆಯಿಟ್ಟ ಹಾಗಿದ್ದರೆ ಬಿಟ್ಟುಬಿಡಿ. ಏಣಿಯ ತುಂಡುಗಳು ಒಂದರೊಳಗೊಂದು ಕೂರುವ ಜಾಗದಲ್ಲಿ ಪೇಂಟು ಉದುರಿ ಮೊದಲು ತುಕ್ಕು ಹಿಡಿಯುತ್ತದೆ. ಎರಡು ಕಂಬದ ಏಣಿ ಒಂಟಿ ಕಂಬದ್ದಕ್ಕಿಂತ ಕಾಲಿಗೆ ಭದ್ರ.

ಸೀಟಿನಲ್ಲಿ ಏನು ನೋಡಬೇಕು? ಮುಂದಿನ ಕಂಬಿ ಇರಬೇಕಾ?

ದಪ್ಪ ಫೋಮಿನ ಸೀಟು ಅಂಗಡಿಯಲ್ಲಿ ಮೆತ್ತಗಿರುತ್ತದೆ, ಕಾಡಿನಲ್ಲಿ ಮಳೆನೀರು ಹೀರಿಕೊಂಡು ಹಿಮಗಟ್ಟುತ್ತದೆ. ಅಳಿಲಿಗಂತೂ ಅದು ಗೂಡಿನ ಹಾಸಿಗೆ, ಕಚ್ಚಿ ಕಚ್ಚಿ ಹೊತ್ತುಕೊಂಡು ಹೋಗುತ್ತದೆ. ಬಲೆಯ ಹಾಗೆ ಹೆಣೆದ ಜೋಲು ಸೀಟು ಬೇಗ ಒಣಗುತ್ತದೆ, ಬೆನ್ನಿಗೂ ಹಿತ.

ಮುಂದಿನ ಕಂಬಿ ಕೋವಿಯವರಿಗೆ, ಕ್ರಾಸ್‌ಬೋನವರಿಗೆ ವರ. ಮೊಣಕೈ ಊರಿ ಗುರಿಯಿಡಬಹುದು. ಬಿಲ್ಲಿನವರಿಗೆ ಅದೇ ಕಂಬಿ ಶನಿ, ಬಿಲ್ಲಿನ ಕೆಳತುದಿ ತಗುಲಿ ಠಣ್ ಅನ್ನುತ್ತದೆ. ಎರಡನ್ನೂ ಆಡುವವರು ಮಡಚಿ ಹಿಂದಕ್ಕೆ ಹಾಕಬಹುದಾದ ಕಂಬಿ, ಎತ್ತಿ ಮರಕ್ಕೆ ಒರಗಿಸಬಹುದಾದ ಸೀಟು ನೋಡಿ. ಬಿಲ್ಲಿನವರು ಎದ್ದು ನಿಲ್ಲಬೇಕಲ್ಲ, ಆಗ ಸೀಟು ಮಂಡಿಯ ಹಿಂದೆ ಒತ್ತಬಾರದು. ಮತ್ತೊಂದು: ಕಂಬಿ ಇದ್ದ ಮಾತ್ರಕ್ಕೆ ಅದು ನಿಮ್ಮನ್ನು ಬೀಳದಂತೆ ತಡೆಯುತ್ತದೆ ಅಂದುಕೊಳ್ಳಬೇಡಿ. ಅದು ಕೋವಿ ಊರಲು ಇರುವುದು.

ಎಂಥ ಮರ ಆರಿಸಬೇಕು?

ಸ್ಟ್ಯಾಂಡ್ ಕೊಂಡು ತಂದು ಆಮೇಲೆ ಮರ ಹುಡುಕುವವರೇ ಜಾಸ್ತಿ. ಈ ಕ್ರಮವನ್ನು ತಿರುಗಿಸಿ. ಮೊದಲು ಜಿಂಕೆಯ ದಾರಿ, ಆಮೇಲೆ ಆ ದಾರಿಯ ಹತ್ತಿರದ ಮರ, ಆ ಮರಕ್ಕೆ ತಕ್ಕ ಸ್ಟ್ಯಾಂಡ್.

ಮರ ಜೀವಂತವಾಗಿರಬೇಕು, ನೆಟ್ಟಗಿರಬೇಕು. ಎಷ್ಟು ದಪ್ಪದ ಮರಕ್ಕೆ ಹೊಂದುತ್ತದೆಂದು ಪ್ರತಿ ಸ್ಟ್ಯಾಂಡಿನ ಕೈಪಿಡಿಯಲ್ಲೂ ಬರೆದಿರುತ್ತದೆ. 12 ಇಂಚು ವ್ಯಾಸದ ಆಸುಪಾಸು ಬಹಳಷ್ಟಕ್ಕೆ ಸರಿಹೋಗುತ್ತದೆ. ಕಾಡಿನಲ್ಲಿ ವ್ಯಾಸ ಅಳೆಯಲು ಬರುವುದಿಲ್ಲ, ಟೇಪು ಸುತ್ತಿ ನೋಡಿ: ಸುತ್ತಳತೆ 38 ಇಂಚು ಬಂದರೆ ವ್ಯಾಸ 12. ನೆಲದ ಹತ್ತಿರ ಅಳೆದು ಖುಷಿಪಡಬೇಡಿ, ಸೀಟು ತಾಗುವ ಎತ್ತರದಲ್ಲಿ ಮರ ಸಣ್ಣದಾಗಿರುತ್ತದೆ.

ಓಕ್, ಮೇಪಲ್ ಒಳ್ಳೆಯವು. ಓಕ್ ಮತ್ತು ಬೀಚ್ ಮರಗಳಲ್ಲಿ, ಅದರಲ್ಲೂ ಎಳೆಯವುಗಳಲ್ಲಿ, ಒಣಗಿದ ಎಲೆ ಚಳಿಗಾಲದವರೆಗೂ ಅಂಟಿಕೊಂಡಿರುತ್ತದೆ. ಅಕ್ಟೋಬರಿನಲ್ಲಿ ಎಲ್ಲ ಮರವೂ ಮರೆ ಕೊಡುತ್ತದೆ, ನವೆಂಬರ್ 15ಕ್ಕೆ ಮಿಷಿಗನ್‌ನ ಕೋವಿ ಸೀಸನ್ ಶುರುವಾಗುವ ಹೊತ್ತಿಗೆ ಮೇಪಲ್ ಬೋಳು. ಬೆನ್ನ ಹಿಂದೆ ಒಂದು ಪೈನ್ ಅಥವಾ ಸೀಡರ್ ಇದ್ದರೆ ಆಕಾಶದೆದುರು ನಿಮ್ಮ ಆಕೃತಿ ಎದ್ದು ಕಾಣುವುದಿಲ್ಲ.

ಆಶ್ ಮರದ ತಂಟೆಗೆ ಹೋಗಬೇಡಿ. ಏಷ್ಯಾದಿಂದ ಬಂದ ಎಮರಾಲ್ಡ್ ಆಶ್ ಬೋರರ್ ಎಂಬ ಹಸಿರು ಜೀರುಂಡೆ 2002ರಲ್ಲಿ ಡೆಟ್ರಾಯ್ಟ್ ಸುತ್ತ ಪತ್ತೆಯಾಯಿತು. ಆಮೇಲೆ ಕೋಟಿಗಟ್ಟಲೆ ಆಶ್ ಮರಗಳು ಸತ್ತವು. ತೊಗಟೆಯ ಮೇಲೆ ಇಂಗ್ಲಿಷಿನ ಡಿ ಅಕ್ಷರದ ಆಕಾರದ, ಅಕ್ಕಿಕಾಳಿನ ಉದ್ದವೂ ಇಲ್ಲದ ಸಣ್ಣ ತೂತುಗಳಿದ್ದರೆ ಒಳಗೆ ಹುಳು ಕೆಲಸ ಮುಗಿಸಿದೆ ಎಂದೇ ಅರ್ಥ. ಸತ್ತ ಆಶ್ ಬಲು ಪೆಳಸು, ಮುನ್ಸೂಚನೆ ಕೊಡದೆ ಮುರಿಯುತ್ತದೆ. ಶಾಗ್‌ಬಾರ್ಕ್ ಹಿಕ್ಕೊರಿಯ ತೊಗಟೆ ಹಲಗೆ ಹಲಗೆಯಾಗಿ ಕಳಚಿಕೊಳ್ಳುತ್ತದೆ, ಅದರ ಮೇಲೆ ಪಟ್ಟಿ ಬಿಗಿಯಾಗಿ ಕೂರುವುದಿಲ್ಲ.

ಟೆಕ್ಸಾಸ್‌ನ ದಕ್ಷಿಣದಲ್ಲಿರುವವರಿಗೆ ಈ ಪಾಠವೇ ಬೇರೆ. ಅಲ್ಲಿನ ಮೆಸ್ಕೀಟ್ ಕುರುಚಲು ಮರಕ್ಕೆ ಏಣಿ ಒರಗಿಸುವುದೆಲ್ಲಿಗೆ? ಮುಕ್ಕಾಲಿಯ ಟ್ರೈಪಾಡ್ ಸ್ಟ್ಯಾಂಡ್ ಅಥವಾ ಒಳಗೆ ಅಡಗಿ ಕೂರುವ ಪೆಟ್ಟಿಗೆಯಂಥ ಬ್ಲೈಂಡ್ ನೋಡಿಕೊಳ್ಳಿ.

ಗಾಳಿ, ಬಿಸಿಲಿನ ಲೆಕ್ಕ ಹೇಗೆ?

ಜಿಂಕೆಯ ಮೂಗಿನೆದುರು ಮೈವಾಸನೆ ಮುಚ್ಚುವ ಯಾವ ಸ್ಪ್ರೇಯೂ ನಿಲ್ಲದು. ಜಿಂಕೆಯ ದಾರಿ ಕಡೆಯಿಂದ ನಿಮ್ಮ ಕಡೆಗೆ ಗಾಳಿ ಬೀಸುವಂತೆ ಮರ ಆರಿಸಿ. ಗುಡ್ಡದ ಜಾಗದಲ್ಲಿ ಇನ್ನೊಂದು ಸಂಗತಿಯಿದೆ: ಬಿಸಿಲು ಏರಿದಂತೆ ಗಾಳಿ ಇಳಿಜಾರಿನ ಮೇಲಕ್ಕೆ ಹತ್ತುತ್ತದೆ, ಸಂಜೆ ತಂಪಾದಂತೆ ಕೆಳಕ್ಕೆ ಇಳಿಯುತ್ತದೆ. ಬೆಳಿಗ್ಗೆ ಚೆನ್ನಾಗಿದ್ದ ಸ್ಟ್ಯಾಂಡ್ ಸಂಜೆ ನಿಮ್ಮ ವಾಸನೆಯನ್ನೇ ಕಣಿವೆಗೆ ಹಂಚಬಹುದು. ಸೀಟು ನೇರ ಪೂರ್ವಕ್ಕೋ ಪಶ್ಚಿಮಕ್ಕೋ ಮುಖ ಮಾಡಿದ್ದರೆ ಬೇಟೆಗೆ ಒಳ್ಳೆಯ ಹೊತ್ತಿನಲ್ಲೇ ಸೂರ್ಯ ಕಣ್ಣಿಗೆ ಹೊಡೆಯುತ್ತಾನೆ. ಉತ್ತರಕ್ಕೆ ಮುಖ ಮಾಡಿದರೆ ದಿನವಿಡೀ ತೊಂದರೆಯಿಲ್ಲ. ದಾರಿಯಿಂದ 15–20 ಗಜ ದೂರ ಬಿಲ್ಲಿಗೆ ಹದ.

ನಿಲ್ಲಿಸುವುದು ಹೇಗೆ? ಒಬ್ಬನೇ ಮಾಡಬಹುದಾ?

ಮಾಡಬಾರದು. ಕೈಪಿಡಿಗಳು ಸಾಮಾನ್ಯವಾಗಿ ಮೂವರು ಬೇಕು ಅನ್ನುತ್ತವೆ, ಅದು ಸರಿಯಾದ ಲೆಕ್ಕ. ಒಬ್ಬರು ಬುಡ ಒತ್ತಿ ಹಿಡಿಯಲು, ಇಬ್ಬರು ಎತ್ತಲು.

ನೆಲದ ಮೇಲೆ ಪೂರ್ತಿ ಜೋಡಿಸಿ, ಪ್ರತಿ ಪಿನ್ನು, ಬೋಲ್ಟು ಕೈಯಲ್ಲಿ ಮುಟ್ಟಿ ನೋಡಿ. ಸೀಟಿನ ಪಟ್ಟಿ, ಹಗ್ಗಗಳನ್ನು ಎತ್ತುವ ಮುಂಚೆಯೇ ಕಟ್ಟಿಕೊಂಡಿರಿ. ಎತ್ತಿ ಒರಗಿಸಿದ ಮೇಲೆ ಏಣಿಯ ಬುಡ ಗಟ್ಟಿ, ಸಮ ನೆಲದ ಮೇಲಿರಬೇಕು. ಒಂದು ಕಾಲು ತಗ್ಗಿನಲ್ಲಿದ್ದರೆ ಕಲ್ಲು ಕೊಡಬೇಡಿ, ಇನ್ನೊಂದು ಕಾಲಿನ ಕೆಳಗಿನ ಮಣ್ಣು ಕೆರೆಯಿರಿ. ಕಲ್ಲು ಹಿಮ ಕರಗಿದಾಗ ಜಾರುತ್ತದೆ. ಆಮೇಲೆ ಏಣಿಯ ನಡುವಿನಿಂದ ಮರಕ್ಕೆ ಹೋಗುವ ಆನಿಕೆ ಕೋಲನ್ನು ಬಿಗಿಯಿರಿ, ಏಣಿ ಬಾಗದಂತೆ ತಡೆಯುವುದು ಅದೇ. ಹಲಗೆಯ ಎರಡು ಬದಿಯಿಂದ ಇಳಿಬಿಟ್ಟ ಹಗ್ಗಗಳನ್ನು ಮರದ ಹಿಂದೆ ಅಡ್ಡಡ್ಡ ಹಾಯಿಸಿ ಕೆಳಗಿನಿಂದಲೇ ಎಳೆದು ಕಟ್ಟಿ.

ಈಗ ಬರುವುದು ಇಡೀ ಕೆಲಸದಲ್ಲೇ ಅಪಾಯದ ಗಳಿಗೆ: ಮೊದಲ ಸಲ ಹತ್ತುವುದು. ಮೇಲಿನ ರ‍್ಯಾಚೆಟ್ ಪಟ್ಟಿ (ಹಿಡಿ ಆಡಿಸಿ ಬಿಗಿಯುವಂಥದು) ಇನ್ನೂ ಬಿಗಿದಿಲ್ಲ, ಆದರೆ ಅದನ್ನು ಬಿಗಿಯಲೆಂದೇ ಮೇಲೆ ಹೋಗಬೇಕು. ಅದಕ್ಕೇ ಕೆಲವು ಹೊಸ ಮಾದರಿಗಳಲ್ಲಿ ಇಕ್ಕಳದಂಥ ದವಡೆ ಇರುತ್ತದೆ, ನೆಲದ ಮೇಲೆ ನಿಂತೇ ಎಳೆದರೆ ಅದು ಮರವನ್ನು ಕಚ್ಚಿ ಹಿಡಿಯುತ್ತದೆ. ಹೆಚ್ಚುವರಿ ಹಣ ಕೊಡುವುದಾದರೆ ಕಪ್ ಹೋಲ್ಡರಿಗಲ್ಲ, ಈ ದವಡೆಗೆ ಕೊಡಿ. ದವಡೆ ಇರಲಿ ಬಿಡಲಿ, ಮೊದಲು ಹತ್ತುವವರು ಹಾರ್ನೆಸ್ ತೊಟ್ಟು, ಸೊಂಟದಿಂದ ಮರ ಸುತ್ತುವ ಲೈನ್‌ಮನ್ ಪಟ್ಟಿ ಹಾಕಿಕೊಂಡೇ ಹೋಗಬೇಕು. ಕೆಳಗೆ ಇಬ್ಬರು ಏಣಿ ಹಿಡಿದಿರಬೇಕು, ಫೋನು ನೋಡುತ್ತಾ ಅಲ್ಲ.

ಇದನ್ನೆಲ್ಲ ಜುಲೈ–ಆಗಸ್ಟಿನಲ್ಲೇ ಮುಗಿಸಿ. ಜಿಂಕೆಗಳು ಹೊಸ ವಸ್ತುವಿಗೆ ಒಗ್ಗಿಕೊಳ್ಳುತ್ತವೆ. ಅಡ್ಡ ಬರುವ ಕೊಂಬೆ ಸವರುವ ಮುಂಚೆ ಜಮೀನಿನ ಯಜಮಾನರನ್ನು ಕೇಳಿ.

ಏಣಿ ತಾನೇ, ಹಾರ್ನೆಸ್ ಯಾಕೆ ಬೇಕು?

ಲ್ಯಾಡರ್ ಸ್ಟ್ಯಾಂಡಿನ ದೊಡ್ಡ ದೋಷವೇ ಈ ಧೈರ್ಯ. ಕ್ಲೈಂಬರ್ ಹತ್ತುವವನಿಗೆ ಒಳಗೊಳಗೇ ಭಯವಿರುತ್ತದೆ, ಬೆಲ್ಟ್ ಹಾಕಿಕೊಳ್ಳುತ್ತಾನೆ. ಏಣಿ ನಮಗೆಲ್ಲ ಚಿಕ್ಕಂದಿನಿಂದ ಗೊತ್ತು. ‘ಊರಲ್ಲಿ ಹಲಸಿನ ಮರದ ತುದಿಗೆ ಹೋಗಿ ಬಂದವನು ನಾನು’ ಎನ್ನುವ ಮಾತು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ. ಅಂದು ಬರಿಗಾಲು, ಹಗಲು, ವಯಸ್ಸು ಹದಿನಾಲ್ಕು. ಇಂದು ಬೆಳಗಿನ ಜಾವದ ಕತ್ತಲು, ಕಬ್ಬಿಣದ ಮೆಟ್ಟಿಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿದ ಪದರ, ಒಂದು ಕಿಲೋ ತೂಗುವ ಬೂಟು, ದಪ್ಪ ಗವಸು.

ಬೀಳುವುದು ಹೆಚ್ಚಾಗಿ ಕೂತಾಗಲ್ಲ. ಹತ್ತುವಾಗ, ಇಳಿಯುವಾಗ, ಏಣಿಯಿಂದ ಹಲಗೆಗೆ ಕಾಲು ದಾಟಿಸುವಾಗ. ಆದ್ದರಿಂದ ಮೇಲೆ ಹೋದ ಮೇಲೆ ಹಾರ್ನೆಸ್ ಸಿಕ್ಕಿಸಿಕೊಳ್ಳುತ್ತೇನೆ ಅನ್ನುವವರು ಅಪಾಯ ಮುಗಿದ ಮೇಲೆ ಛತ್ರಿ ಹಿಡಿಯುವವರು. ಇದಕ್ಕೆ ಪರಿಹಾರ ಲೈಫ್‌ಲೈನ್: ಸೀಟಿಗಿಂತ ಮೇಲೆ ಮರಕ್ಕೆ ಕಟ್ಟಿ, ಬುಡದವರೆಗೆ ಇಳಿಬಿಟ್ಟು, ಕೆಳಗೂ ಬಿಗಿದ ಸುಮಾರು 30 ಅಡಿಯ ಹಗ್ಗ. ಅದರ ಮೇಲೆ ಪ್ರೂಸಿಕ್ ಎಂಬ ಗಂಟು. ಕೈಯಿಂದ ತಳ್ಳಿದರೆ ಸರಿಯುತ್ತದೆ, ಭಾರ ಬಿದ್ದರೆ ಕಚ್ಚಿಕೊಳ್ಳುತ್ತದೆ. ನೆಲದ ಮೇಲೆ ನಿಂತೇ ಅದಕ್ಕೆ ಕೊಕ್ಕೆ ಹಾಕಿ ಹತ್ತಿ, ಇಳಿದು ನೆಲ ಮುಟ್ಟಿದ ಮೇಲೆ ತೆಗೆಯಿರಿ. ಗಂಟನ್ನು ಯಾವಾಗಲೂ ತಲೆಗಿಂತ ಮೇಲೆ ತಳ್ಳುತ್ತಾ ಹೋಗಬೇಕು. ಕೂತಾಗ ಪಟ್ಟಿ ಸಡಿಲವಾಗಿ ಜೋತಾಡಬಾರದು.

ಎದೆಗೆ ಮಾತ್ರ, ಸೊಂಟಕ್ಕೆ ಮಾತ್ರ ಕಟ್ಟುವ ಹಳೆಯ ಬೆಲ್ಟ್ ಮನೆಯಲ್ಲಿದ್ದರೆ ಎಸೆಯಿರಿ. ಬಿದ್ದಾಗ ಅದೇ ಉಸಿರು ಕಟ್ಟಿಸುತ್ತದೆ.

ಹಾರ್ನೆಸ್ಸಿನಲ್ಲಿ ನೇತಾಡುವ ಪರಿಸ್ಥಿತಿ ಬಂದರೆ?

ಕಾಲಿಗೆ ಹೋದ ರಕ್ತ ವಾಪಸು ಬರದೆ ಪ್ರಜ್ಞೆ ತಪ್ಪಬಹುದು. ಅದಕ್ಕೆ ಹಾರ್ನೆಸ್ ಜೊತೆ ಒಂದು ಸಣ್ಣ ಪಟ್ಟಿ ಬರುತ್ತದೆ, ಅದರ ಕುಣಿಕೆಯಲ್ಲಿ ಪಾದವಿಟ್ಟು ನಿಂತರೆ ತೊಡೆಯ ಒತ್ತಡ ಇಳಿಯುತ್ತದೆ. ಅದು ಇಲ್ಲದಿದ್ದರೆ ಮರಕ್ಕೆ ಕಾಲು ಒದೆಯುತ್ತಾ ಇರಿ, ಸುಮ್ಮನೆ ನೇತಾಡಬೇಡಿ. ಫೋನು, ಸೀಟಿ ಎದೆಯ ಜೇಬಿನಲ್ಲಿರಲಿ, ಬೆನ್ನಿನ ಚೀಲದಲ್ಲಲ್ಲ. ಯಾವ ಮರದ ಮೇಲೆ ಕೂರುತ್ತೀರಿ, ಎಷ್ಟು ಹೊತ್ತಿಗೆ ವಾಪಸು ಎಂದು ಮನೆಯವರಿಗೆ ಮ್ಯಾಪಿನ ಗುರುತು ಕಳಿಸಿಯೇ ಹೊರಡಿ. ಒಮ್ಮೆ ಬಿದ್ದಾಗ ಬಳಕೆಯಾದ ಹಾರ್ನೆಸ್ ಮತ್ತೆ ತೊಡುವಂತಿಲ್ಲ. ಬೀಳದಿದ್ದರೂ ತಯಾರಾದ ದಿನದಿಂದ ಸಾಮಾನ್ಯವಾಗಿ 5 ವರ್ಷಕ್ಕೆ ಅದರ ಆಯಸ್ಸು ಮುಗಿಯುತ್ತದೆ, ದಿನಾಂಕ ಚೀಟಿಯ ಮೇಲಿದೆ.

ಕೋವಿ ಹೆಗಲಿಗೆ ಹಾಕಿಕೊಂಡೇ ಹತ್ತಬಹುದಲ್ಲ?

ಬೇಡ. ಎರಡು ಕೈ, ಎರಡು ಕಾಲಲ್ಲಿ ಮೂರು ಯಾವಾಗಲೂ ಏಣಿಯ ಮೇಲಿರಬೇಕು. ಗುಂಡು ತೆಗೆದ ಕೋವಿಯನ್ನು ಬಾಯಿ ಕೆಳಮುಖವಾಗಿ ಹಗ್ಗಕ್ಕೆ ಕಟ್ಟಿ, ನೀವು ಮೇಲೆ ಕೂತು ಹಾರ್ನೆಸ್ ಸರಿಮಾಡಿಕೊಂಡ ಮೇಲೆ ಎಳೆದುಕೊಳ್ಳಿ. ಇಳಿಯುವಾಗಲೂ ಅದೇ ಕ್ರಮ, ಗುಂಡು ಮೊದಲು ಹೊರಗೆ. ಬಾಣದ ತುದಿಗೆ ಮುಚ್ಚಳವಿರಲಿ.

ಸರ್ಕಾರಿ ಕಾಡಿನಲ್ಲಿ ಇಡಬಹುದಾ?

ರಾಜ್ಯಕ್ಕೊಂದು ನಿಯಮ, ಒಂದೇ ರಾಜ್ಯದಲ್ಲಿ ಕಾಡಿಗೊಂದು ನಿಯಮ. ಮಿಷಿಗನ್‌ನ ಸರ್ಕಾರಿ ಜಾಗದಲ್ಲಿ ಸ್ಟ್ಯಾಂಡಿನ ಮೇಲೆ ಮಾಲೀಕರ ಗುರುತು ಬರೆದಿರಬೇಕು, ಮರಕ್ಕೆ ಮೊಳೆ, ತಿರುಪು ಹೊಡೆಯುವಂತಿಲ್ಲ. ವಿಸ್ಕಾನ್ಸಿನ್‌ನ ಡಿಎನ್‌ಆರ್ (ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ) ಜಾಗದಲ್ಲಿ ಹೈವೇ 64ರ ದಕ್ಷಿಣಕ್ಕಿದ್ದರೆ ಸ್ಟ್ಯಾಂಡನ್ನು ರಾತ್ರಿ ಬಿಟ್ಟು ಬರುವ ಹಾಗಿಲ್ಲ. ದಿನಾ ಬಿಚ್ಚಿ ದಿನಾ ಕಟ್ಟುವುದು ಲ್ಯಾಡರ್ ಸ್ಟ್ಯಾಂಡಿನಲ್ಲಿ ಆಗದ ಮಾತು, ಅಂಥಲ್ಲಿ ಹ್ಯಾಂಗ್-ಆನ್ ಅಥವಾ ಸ್ಯಾಡಲ್. ಆಯಾ ವರ್ಷದ ನಿಯಮ ಪುಸ್ತಿಕೆ ಓದಿ, ಹಳೆಯದನ್ನು ನಂಬಬೇಡಿ. ಸರ್ಕಾರಿ ಜಾಗದಲ್ಲಿ ಕಳವೂ ಆಗುತ್ತದೆ. ಹೀಗಾಗಿ ಲ್ಯಾಡರ್ ಸ್ಟ್ಯಾಂಡ್ ಮುಖ್ಯವಾಗಿ ಖಾಸಗಿ ಜಮೀನಿನ ಸರಕು. ಪರಿಚಯದ ರೈತರು ಒಪ್ಪಿದರೆ ಮಾತು ಲಿಖಿತದಲ್ಲಿರಲಿ.

ಬೆಲೆ ಎಷ್ಟಾಗುತ್ತದೆ? ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದಾ?

ಒಬ್ಬರದ್ದು ಸುಮಾರು 100–200 ಡಾಲರ್, ಇಬ್ಬರದ್ದು 200ರಿಂದ ಮೇಲಕ್ಕೆ. ಬಜೆಟ್ 250 ಇದ್ದರೆ ಅಷ್ಟನ್ನೂ ಸ್ಟ್ಯಾಂಡಿಗೇ ಸುರಿಯಬೇಡಿ. 150ರದ್ದು ಕೊಂಡು, ಉಳಿದದ್ದರಲ್ಲಿ ಲೈಫ್‌ಲೈನ್, ಹೆಚ್ಚುವರಿ ರ‍್ಯಾಚೆಟ್ ಪಟ್ಟಿ, ಪೆಟ್ಟಿಗೆಯಲ್ಲಿ ಬಂದ ಹಾರ್ನೆಸ್‌ಗಿಂತ ಮೈಗೆ ಒಪ್ಪುವ ಒಂದು ಹಾರ್ನೆಸ್ ತಗೊಳ್ಳಿ. ಪೆಟ್ಟಿಗೆಯ ಹಾರ್ನೆಸ್ ಕೆಲಸ ಮಾಡುತ್ತದೆ, ಆದರೆ ಕತ್ತಲಲ್ಲಿ ತೊಡುವಾಗ ಸಿಕ್ಕುಸಿಕ್ಕಾಗಿ ತಲೆ ಕೆಡಿಸುತ್ತದೆ. ಹಾಗಾಗಿಯೇ ಜನ ಅದನ್ನು ಕಾರಿನಲ್ಲೇ ಬಿಟ್ಟು ಹೋಗುವುದು. ಸೀಸನ್ ಮುಗಿದ ಜನವರಿಯಲ್ಲಿ ಬೆಲೆ ಇಳಿಯುತ್ತದೆ.

ಹಳೆಯದು ಕೊಳ್ಳಬಹುದು, ಕಬ್ಬಿಣದ ಮಟ್ಟಿಗೆ ಮಾತ್ರ. ಬೆಸುಗೆಯ ಬಿರುಕು, ಸೊಟ್ಟಗಾದ ಮೆಟ್ಟಿಲು, ಕಾಣೆಯಾದ ಪಿನ್ನಿನ ಜಾಗದಲ್ಲಿ ತುರುಕಿದ ಮೊಳೆ ನೋಡಿದರೆ ವಾಪಸು ಬನ್ನಿ. ಮಾದರಿಯ ಹೆಸರನ್ನು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ರೀಕಾಲ್ ಪಟ್ಟಿಯಲ್ಲಿ, ಅಂದರೆ ದೋಷವಿದೆಯೆಂದು ವಾಪಸು ಕರೆಸಿಕೊಂಡ ಮಾಲಿನ ಪಟ್ಟಿಯಲ್ಲಿ, ಹುಡುಕಿ. ಪಟ್ಟಿ, ಹಗ್ಗ, ಹಾರ್ನೆಸ್ ಯಾವತ್ತೂ ಹೊಸದೇ.

ಹತ್ತುವಾಗ ಕಿರ್ ಅನ್ನುತ್ತದೆ. ಏನು ಮಾಡಲಿ?

ಕೀಲುಗಳ ನಡುವೆ ನೈಲಾನ್ ವಾಷರ್ ಹಾಕಿ, ಹಲಗೆಯ ಮೇಲೆ ಹಳೆ ಕಾರ್ಪೆಟ್ ತುಂಡು ಬಿಗಿಯಿರಿ. ವಾಸನೆ ಬರುವ ಎಣ್ಣೆ ಹಚ್ಚಬೇಡಿ.

ನಾವು ಬೇಟೆಯಾಡುವವರಲ್ಲ. ಹಕ್ಕಿ, ಜಿಂಕೆ ಫೋಟೋ ತೆಗೆಯಲು ಬಳಸಬಹುದಾ?

ಧಾರಾಳವಾಗಿ. ಇಬ್ಬರದು ಕೊಳ್ಳಿ, ಕ್ಯಾಮೆರಾ ಚೀಲಕ್ಕೆ ಜಾಗ ಸಿಗುತ್ತದೆ, ಮುಂದಿನ ಕಂಬಿ ಉದ್ದ ಲೆನ್ಸಿಗೆ ಆಸರೆ. ಹಾರ್ನೆಸ್ ವಿಷಯದಲ್ಲಿ ಫೋಟೋದವರಿಗೆ ರಿಯಾಯಿತಿ ಇಲ್ಲ. ಕೋವಿ ಸೀಸನ್ನಿನಲ್ಲಿ ಹೋದರೆ ನೀವೂ ಕಿತ್ತಳೆ ತೊಡಿ.

ಒಂದನ್ನು ಊರಿಗೆ ಕಳಿಸಿ ತೋಟ ಕಾಯಲು ಇಡಬಹುದಾ?

ಮಲೆನಾಡಿನವರು ಇದನ್ನು ಕೇಳದೆ ಬಿಡುವುದಿಲ್ಲ. ಬೇಟೆಗಂತೂ ಅಲ್ಲ ಎನ್ನುವುದು ಎಲ್ಲರಿಗೂ ಗೊತ್ತಿರಲಿ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಭಾರತದಲ್ಲಿ ಜಿಂಕೆ, ಕಡವೆ ಬೇಟೆ ಜೈಲಿಗೆ ದಾರಿ. ಇನ್ನು ಕಾವಲಿಗೆ ಅಂದರೆ, ಅಡಿಕೆ ಮರದ ಕಾಂಡ ಈ ಸ್ಟ್ಯಾಂಡಿಗೆ ತೀರಾ ಸಣ್ಣದು, ಓಲಾಡುತ್ತದೆ ಬೇರೆ. ಆನೆ ಬರುವ ಜಾಗದಲ್ಲಿ 15 ಅಡಿಯ ಏಣಿ ಯಾವ ಲೆಕ್ಕ? ಸಾಗಣೆ ಖರ್ಚೇ ಸ್ಟ್ಯಾಂಡಿನ ಬೆಲೆ ಮೀರುತ್ತದೆ. ಊರಿನ ಬಡಗಿ ಕಟ್ಟುವ ಅಟ್ಟಣೆಯೇ ಮೇಲು.

ಸೀಸನ್ ಮುಗಿಯಿತು. ಮರದಲ್ಲೇ ಬಿಡಲಾ?

ಬಿಡದಿದ್ದರೆ ಒಳ್ಳೆಯದು. ಮರ ದಪ್ಪವಾಗುತ್ತಾ ಹೋಗುತ್ತದೆ, ಬಿಗಿದ ಪಟ್ಟಿ ತೊಗಟೆಯೊಳಗೆ ಇಳಿಯುತ್ತದೆ ಇಲ್ಲವೇ ಪಟ್ಟಿಯೇ ಹರಿಯುತ್ತದೆ. ಬಿಸಿಲಿಗೆ ನೈಲಾನ್ ಬಣ್ಣಗೆಟ್ಟು ಪುಡಿಯಾಗುತ್ತದೆ. ಬೆರಳಿನಲ್ಲಿ ಮಡಚಿದಾಗ ಎಳೆ ನಿಮಿರಿ ನಿಂತರೆ ಆ ಪಟ್ಟಿ ಸತ್ತಿದೆ. ಇಲಿ, ಅಳಿಲು ಮರದ ಹಿಂಭಾಗದಲ್ಲಿ ಕಚ್ಚಿರುತ್ತವೆ, ಮುಂದಿನಿಂದ ಹತ್ತುವವರಿಗೆ ಅದು ಕಾಣುವುದೇ ಇಲ್ಲ.

ಇಳಿಸಲು ಆಗದವರು ಕನಿಷ್ಠ ಸೀಟು ತೆಗೆದಿಡಿ, ಪಟ್ಟಿಗಳನ್ನು ಸಡಿಲಿಸಿ, ಕೆಳಗಿನ ಏಣಿ ತುಂಡು ಬಿಚ್ಚಿ ಮನೆಗೆ ತನ್ನಿ. ಊರ ಮಕ್ಕಳು ಹತ್ತುವುದು ತಪ್ಪುತ್ತದೆ, ಕಳ್ಳರಿಗೂ ಬೇಡವಾಗುತ್ತದೆ. ಮುಂದಿನ ಬೇಸಿಗೆಯಲ್ಲಿ ಎಲ್ಲ ಪಟ್ಟಿ ಹೊಸದು ಹಾಕದೆ ಹತ್ತಬೇಡಿ. ಹತ್ತುವ ಮುಂಚೆ ಸೀಟಿನ ಅಡಿಯನ್ನು ಉದ್ದದ ಕೋಲಿನಿಂದ ಒಮ್ಮೆ ತಟ್ಟಿ, ದೂರ ನಿಂತು ಎರಡು ನಿಮಿಷ ಕಾಯಿರಿ. ಕಣಜದ ಹುಳುಗಳಿಗೆ ಆ ಜಾಗ ಬಹಳ ಇಷ್ಟ.